ತಕ್ಕಡಿಯವರು ಬೀಳಲು ಕಲಿತದ್ದು

ನಮ್ಮ ಕಟ್ಟಡದ ಎರಡನೆಯ ಮಹಡಿಯ ತಕ್ಕಡಿಯವರು ಐವತ್ತು ದಾಟಿದ ಮೇಲೆ ಜೂಡೊ ಕಲಿಯಲು ಹೊರಟ ಸುದ್ದಿಯನ್ನು ನಾವು ಯಾರೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹಾಗೆ ನೋಡಿದರೆ ಯಾವುದನ್ನೂ ಹಗುರವಾಗಿ ತೆಗೆದುಕೊಳ್ಳುವ ಜನ ನಾವಲ್ಲ. ನೀರಿನ ಟ್ಯಾಂಕಿನ ಮುಚ್ಚಳ ತೆರೆದಿಟ್ಟವರು ಯಾರು ಎಂಬುದನ್ನು ತೀರ್ಮಾನಿಸಲು ಭಾನುವಾರದ ಮೇಲೆ ಭಾನುವಾರ ಸಭೆ ಸೇರಿ, ಕೊನೆಗೆ ಅದು ಗಾಳಿ ಎಂದು ನಿರ್ಣಯ ಕೈಗೊಂಡವರು ನಾವು.

ತಕ್ಕಡಿ ಎನ್ನುವುದು ಅವರ ಹೆಸರಲ್ಲ, ಕಸುಬು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವರು ಇನ್ಸ್‌ಪೆಕ್ಟರು. ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕಗಳನ್ನು ಹೊತ್ತು ಅಂಗಡಿ ಅಂಗಡಿ ಅಲೆಯುವುದು, ಅಲ್ಲಿಯ ತಕ್ಕಡಿ ಸರಿ ಇದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ದಂಡ ಹಾಕುವುದು ಅವರ ಕೆಲಸ. ಕಸುಬಿನ ಗುಣ ಅವರ ನಾಲಿಗೆಗೂ ಇಳಿದಿತ್ತು. ಊಟವಾಯಿತೇ ಎಂದು ಕೇಳಿದರೂ "ಒಂದು ಲೆಕ್ಕಕ್ಕೆ ಆಯ್ತು, ಇನ್ನೊಂದು ಲೆಕ್ಕಕ್ಕೆ ಆಗಬೇಕು" ಎನ್ನುತ್ತಿದ್ದರು. ಎರಡೂ ತಟ್ಟೆ ಸಮನಾಗುವ ತನಕ ಅವರ ಬಾಯಿಂದ ಒಂದು ಖಚಿತವಾದ ಮಾತು ಬರುವುದಿಲ್ಲ, ಸಮನಾದ ಮೇಲೆ ಹೇಳಲು ಏನೂ ಉಳಿಯುವುದಿಲ್ಲ. ಹಾಗಾಗಿ ಆ ಮನೆಯಲ್ಲಿ ತೀರ್ಮಾನ ಮಾಡುವ ಖಾತೆ ಮೊದಲಿನಿಂದಲೂ ಅವರ ಹೆಂಡತಿಯದು.

ಹೆಂಡತಿ ಶಾಲೆಯ ಟೀಚರ್. ಮಕ್ಕಳಿಗೆ ಮಾತ್ರವಲ್ಲ, ನಮಗೆಲ್ಲರಿಗೂ ಅವರು ಟೀಚರೇ. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಬಾಯಲ್ಲಿ ಸಿಗರೇಟಿದ್ದ ಗಂಡಸರು ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಳ್ಳುತ್ತಿದ್ದರು. "ಓಡಬೇಡಿ, ಬೀಳ್ತೀರ" ಎನ್ನುವುದು ಶಾಲೆಯ ಮೊಗಸಾಲೆಯಲ್ಲಿ ಅವರು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ ಅವರಿಗೇ ಗೊತ್ತಿಲ್ಲ.

ಈಗ, ನಮಗೆ ಕೊನೆಗೆ ತಿಳಿದದ್ದನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ. ನಾವು ಮೂರ್ಖರಾದದ್ದು ಸಾಕು, ಓದುವವರೂ ಯಾಕೆ ಆಗಬೇಕು.

ಒಂದು ದಿನ ಆ ಮೊಗಸಾಲೆಯಲ್ಲಿ, ಆಗಷ್ಟೇ ಒರೆಸಿದ ನೆಲದ ಮೇಲೆ, ಓಡದೆ, ನಿಧಾನವಾಗಿ ನಡೆಯುತ್ತಿದ್ದ ಟೀಚರ್ ಜಾರಿ ಬಿದ್ದರು. ಇಡೀ ಶಾಲೆ ಸಾಲಾಗಿ ನಿಂತಿತ್ತು. ಹಿಂದಿನ ಸಾಲಿನಿಂದ ಯಾರೋ "ಓಡಬೇಡಿ ಟೀಚರ್" ಎಂದರು. ಆಮೇಲೆ ಎಲ್ಲರೂ ನಕ್ಕರು. ಕಾಲಿನ ಮೂಳೆ ಮುರಿದಿತ್ತು. ಮುರಿದ ಮೂಳೆ ತಿಂಗಳುಗಳಲ್ಲಿ ಕೂಡಿತು, ಕಟ್ಟು ಬಿಚ್ಚಿದರು, ಡಾಕ್ಟರು ಎಕ್ಸ್‌ರೇ ತೆಗೆದು ನೋಡಿ "ನಡೀಬಹುದು" ಎಂದರು. ಟೀಚರ್ ನಡೆಯಲಿಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಗೋಡೆ ಹಿಡಿದು ಹೋಗುವರು. ಮನೆಯ ಹೊಸ್ತಿಲಿಗೆ ಬಂದರೆ ಮಂಡಿ ಗಡಗಡ ನಡುಗಿ ಹಿಂದಕ್ಕೆ ಬಂದು ಕೂರುವರು. ಡಾಕ್ಟರು ತಕ್ಕಡಿಯವರನ್ನು ಪಕ್ಕಕ್ಕೆ ಕರೆದು ಹೇಳಿದರು, "ಮೂಳೆಗೆ ನಮ್ಮಲ್ಲಿ ಮದ್ದಿದೆ. ಬೀಳ್ತೀನಿ ಅನ್ನೋ ಭಯಕ್ಕಿಲ್ಲ."

ಶಾಲೆಯವರು ರಜೆ ಮುಂದುವರಿಸಿದರು, ಮತ್ತೆ ಮುಂದುವರಿಸಿದರು, ಕೊನೆಗೆ ಈ ಸಲದ ರಜೆ ಮುಗಿದ ಮೇಲೆ ಬರಬೇಕು, ಇಲ್ಲವೇ ಬಿಡಬೇಕು ಎಂದರು. "ಬಿಟ್ಟುಬಿಡ್ತೀನಿ" ಎಂದರು ಟೀಚರ್. ಅವರ ಯಾವ ತೀರ್ಮಾನಕ್ಕೂ ಎದುರಾಡದ ತಕ್ಕಡಿಯವರಿಗೆ ಅದೊಂದನ್ನು ಒಪ್ಪಲು ಆಗಲಿಲ್ಲ. ಆದರೆ ಎದುರಾಡಿ ಅಭ್ಯಾಸವಿರಲಿಲ್ಲವಾದ್ದರಿಂದ ಸುಮ್ಮನೆ ಪೆಟ್ಟಿಗೆ ಹೊತ್ತು ಕೆಲಸಕ್ಕೆ ಹೋದರು.

ಆ ದಿನ ಅವರ ಪಾಲಿಗೆ ಬಂದದ್ದು ಪಾರ್ಸೆಲ್ ಆಫೀಸಿನ ತಕ್ಕಡಿ. ಅಲ್ಲಿ ವ್ಯಾನು ಓಡಿಸುವ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಪೆಟ್ಟಿಗೆಗಳ ರಾಶಿಯ ಮೇಲಿಂದ ಕಾಲು ತಪ್ಪಿ ಬೆನ್ನ ಮೇಲೆ ಬಿದ್ದಳು. ಬಿದ್ದ ರಭಸದಲ್ಲೇ ಎರಡೂ ಕೈ ನೆಲಕ್ಕೆ ಪಟ್ಟೆಂದು ಬಡಿದು, ಎದ್ದು, ಬಟ್ಟೆ ಕೊಡವಿಕೊಂಡು, ಏನೂ ಆಗದವಳಂತೆ ಮುಂದಿನ ಪಾರ್ಸೆಲ್ ಎತ್ತಿಕೊಂಡಳು. ತಕ್ಕಡಿಯವರು ಮುದ್ರೆ ಒತ್ತುವುದನ್ನು ಮರೆತು ಅವಳನ್ನೇ ನೋಡಿದರು.

"ನೋವಾಗಲಿಲ್ವೇನಮ್ಮಾ?"

"ಬೀಳೋಕೆ ಬಂದ್ರೆ ಯಾಕೆ ನೋವಾಗುತ್ತೆ ಸರ್? ಸಂಜೆ ಹೊತ್ತು ಟೈರ್ ಗೋಡೌನ್ ಮೇಲೆ ಜೂಡೊ ಕಲಿಸ್ತೀನಿ. ನಮ್ಮಲ್ಲಿ ಮೊದಲು ಬೀಳೋದನ್ನೇ ಕಲಿಸೋದು."

"ಮನೆಗೆ ಬಂದು ನಮ್ಮನೆಯವರಿಗೆ ಕಲಿಸ್ತೀರಾ?"

"ಅವರೇ ಬರಬೇಕು ಸರ್."

"ಅವಳು ಬರೋ ಹಾಗಿದ್ದಿದ್ರೆ ನಾನು ಕೇಳ್ತಾನೇ ಇರಲಿಲ್ಲ" ಎಂದು ತಕ್ಕಡಿಯವರು ಇದ್ದದ್ದನ್ನೆಲ್ಲ ಹೇಳಿದರು. ಅವಳು ಪಾರ್ಸೆಲ್ ಕೆಳಗಿಟ್ಟು ಯೋಚಿಸಿದಳು. "ಹಾಗಾದ್ರೆ ನೀವು ಕಲೀರಿ. ದಿನಾ ಅವರ ಎದುರಿಗೆ ಬಿದ್ದು ತೋರಿಸಿ. ಬಿದ್ದೋರು ಎದ್ದೇಳೋದನ್ನ ನೋಡ್ತಾ ನೋಡ್ತಾ ಭಯ ಸವೆಯುತ್ತೆ."

ಹೀಗೆ ಶುರುವಾಯಿತು. ಸಂಜೆ ಟೈರ್ ಗೋಡೌನಿನ ಮೇಲೆ ಬೀಳುವುದು, ಮನೆಗೆ ಬಂದು ನಡುಮನೆಯಲ್ಲಿ ಗಾದಿ ಹಾಸಿ ಮತ್ತೆ ಬೀಳುವುದು. ಟೀಚರ್ ಕುರ್ಚಿಯಲ್ಲಿ ಕೂತು ನೋಡುವರು. ಅವರು ಸುತರಾಂ ಎದ್ದು ಪ್ರಯತ್ನಿಸಲಿಲ್ಲ, ಆದರೆ ಎಷ್ಟೆಂದರೂ ಟೀಚರು, ಕೂತಲ್ಲೇ ತಿದ್ದದೆ ಇರಲು ಅವರಿಂದ ಆಗಲಿಲ್ಲ. "ಗದ್ದ ಮೇಲಿತ್ತು. ಎದೆಗೆ ಒತ್ತಿಕೊಳ್ಳಿ. ಇನ್ನೊಂದು ಸಲ." ತಕ್ಕಡಿಯವರು ಇನ್ನೊಂದು ಸಲ ಬೀಳುವರು. ಒಂದೇ ಒಂದು ಷರತ್ತು ಹಾಕಿದ್ದರು ಟೀಚರ್. "ನಾನು ಹೆದರಿ ಮನೇಲಿ ಕೂತಿದೀನಿ ಅಂತ ಯಾರಿಗೂ ಹೇಳಕೂಡದು. ಮೂಳೆ ಇನ್ನೂ ಕೂಡಿಲ್ಲ ಅಂತಲೇ ಇರಲಿ." ತಕ್ಕಡಿಯವರು ಆಣೆ ಮಾಡಿದರು. ಮಾಡಿದ ಆಣೆಯ ತೂಕ ಅವರಿಗೆ ಆಗ ಗೊತ್ತಿರಲಿಲ್ಲ.

ಜೂಡೊದ ಬಿಳಿ ಅಂಗಿ ಚಡ್ಡಿಯ ಹಾಗೆ ಮರೆಯಲ್ಲಿ ಒಣಹಾಕುವ ವಸ್ತುವಲ್ಲ, ಗೋಣಿಯಷ್ಟು ದಪ್ಪ. ಹಗ್ಗದ ಮೇಲೆ ಹರವಿದರೆ ಒಬ್ಬ ಮನುಷ್ಯ ಕೈ ಚಾಚಿ ಶರಣಾದಂತೆ ಕಾಣುತ್ತದೆ. ಅದನ್ನು ಮೊದಲು ಕಂಡವರು ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಗಳು. ಅವರು ವಿಮೆ ಕಂಪನಿಯಲ್ಲಿದ್ದು ನಿವೃತ್ತರಾದವರು, ಎಲ್ಲಿ ನೋಡಿದರೂ ಅವರಿಗೆ ಅಪಾಯವೇ ಕಾಣುವುದು. ಗೇಟಿನ ಬಳಿ ತಕ್ಕಡಿಯವರನ್ನು ತಡೆದರು.

"ಏನು ಸ್ವಾಮಿ, ಈ ವಯಸ್ಸಲ್ಲಿ ಫೈಟಿಂಗು?"

ಆಣೆ ಮಾಡಿದ ಮನುಷ್ಯ ಏನಾದರೂ ಹೇಳಲೇಬೇಕು. ಜೊತೆಗೆ, ಬೀಳುವುದನ್ನು ಕಲಿಯುತ್ತಿದ್ದೇನೆ ಎಂದು ಗಂಡಸಾದವನು ಗೇಟಿನಲ್ಲಿ ನಿಂತು ಹೇಳುವುದು ಹೇಗೆ? ತಕ್ಕಡಿಯವರು ಎದೆ ಸ್ವಲ್ಪ ಮುಂದೆ ಮಾಡಿ, "ಆತ್ಮರಕ್ಷಣೆಗೆ" ಎಂದರು.

"ಆತ್ಮರಕ್ಷಣೆ? ಯಾರಿಂದ?"

ಉತ್ತರ ತಿಳಿಯದಾಗಲೆಲ್ಲ ಹೆಂಡತಿಯ ಕಡೆಗೆ ನೋಡುವುದು ಅವರ ಹಳೆಯ ಅಭ್ಯಾಸ. ಆ ಅಭ್ಯಾಸದ ಬಲದಿಂದ ಅವರ ಕಣ್ಣು ಎರಡನೆಯ ಮಹಡಿಯ ಕಿಟಕಿಯತ್ತ ಹೋಯಿತು. ಆಮೇಲೆ ದನಿ ತಗ್ಗಿಸಿ "ಯಾರಿಂದ ಅಂತ ಹೇಳೋದು ಸ್ವಾಮಿ, ಬಿಡಿ" ಎಂದು ಹೊರಟುಹೋದರು.

ಕಾರ್ಯದರ್ಶಿಗಳು ಆ ಕಿಟಕಿಯನ್ನು ಬಹಳ ಹೊತ್ತು ನೋಡುತ್ತ ನಿಂತರು.

ಎರಡನೆಯ ಸಾಕ್ಷ್ಯ ಒದಗಿದ್ದು ಔಷಧದ ಅಂಗಡಿಯಾಕೆಯಿಂದ. ಆಕೆಯ ಅಂಗಡಿ ಕಟ್ಟಡದ ಬುಡದಲ್ಲಿ, ಮನೆ ತಕ್ಕಡಿಯವರ ಮನೆಯ ನೇರ ಕೆಳಗೆ. ಸಂಜೆಯಾದರೆ ತಲೆಯ ಮೇಲೆ ಧಡ್ ಎಂದು ಸದ್ದು. ನಡುವೆ ಟೀಚರ ಕಠಿಣವಾದ ದನಿ, "ಇನ್ನೊಂದು ಸಲ." ಮತ್ತೆ ಧಡ್. ಮಾರನೆಯ ದಿನ ತಕ್ಕಡಿಯವರು ನೋವಿನ ಮುಲಾಮು ಕೇಳಿಕೊಂಡು ಅಂಗಡಿಗೆ ಬರುವರು. ಮೊಣಕೈ ನೀಲಿ, ಅಂಗೈ ಕೆಂಪು.

"ಏನಾಯ್ತು ಸರ್?"

"ಬಿದ್ದೆ."

ಪಾಪ, ಅದು ಸೂರ್ಯನಷ್ಟು ಸತ್ಯವಾದ ಮಾತು. ಆದರೆ ಔಷಧದ ಅಂಗಡಿಯಲ್ಲಿ ಅಷ್ಟು ವರ್ಷ ನಿಂತವರಿಗೆ ಒಂದು ವಿಷಯ ಗೊತ್ತಿರುತ್ತದೆ. ಮನೆಯಲ್ಲಿ ಏಟು ತಿಂದು ಬಂದವರು ಯಾರೂ ಏಟು ತಿಂದೆ ಎನ್ನುವುದಿಲ್ಲ. ಎಲ್ಲರೂ ಹೇಳುವುದು ಬಿದ್ದೆ ಎಂದೇ. ಹಾಗೆ ಹೇಳಿದ ಹೆಂಗಸರ ಮುಖಗಳನ್ನು ಆಕೆ ನೆನೆದುಕೊಂಡರು. ಮುಲಾಮಿನ ದುಡ್ಡು ತೆಗೆದುಕೊಳ್ಳಲಿಲ್ಲ.

"ಸರ್, ಮೇಲಿಂದ ಕೇಳಿಸುತ್ತೆ" ಎಂದರು ಮೆಲ್ಲಗೆ.

ತಕ್ಕಡಿಯವರ ಮುಖ ಕೆಂಪಾಯಿತು. "ನಿಮಗೆ ತೊಂದರೆ ಆಗ್ತಿದ್ರೆ ಇನ್ನೊಂದು ಗಾದಿ ಹಾಕಿಸ್ತೀನಿ" ಎಂದರು.

ಆಕೆ ಆ ಮಧ್ಯಾಹ್ನ ಊಟ ಬಿಟ್ಟರು. ಕಟ್ಟಡದಲ್ಲಿ ಮಾತು ಒಲೆಯಿಂದ ಒಲೆಗೆ ಹೋಗುವುದಕ್ಕೆ ಮೆಟ್ಟಿಲು ಬೇಕಾಗುವುದಿಲ್ಲ. ಟೀಚರ್ ಗಂಡನಿಗೆ ಹೊಡೆಯುತ್ತಾರೆ, ಅವರು ಬಡಪಾಯಿ ತಡೆದುಕೊಳ್ಳುವುದಕ್ಕೆಂದು ವಿದ್ಯೆ ಕಲಿಯುತ್ತಿದ್ದಾರೆ ಎನ್ನುವುದು ಸಂಜೆಯೊಳಗೆ ಎಲ್ಲರಿಗೂ ತಿಳಿಯಿತು. ಟೀಚರ್ ಇಷ್ಟು ತಿಂಗಳು ಯಾರಿಗೂ ಮುಖ ತೋರಿಸದಿರುವುದಕ್ಕೂ ಈಗ ಕಾರಣ ಸಿಕ್ಕಿತು. ಮೂಳೆ ಕೂಡಲು ಇಷ್ಟು ದಿನ ಬೇಕೇ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಇಲ್ಲಿ ಉಂಡ ಮೇಲೂ ಧಡ್ ಎನ್ನುತ್ತಿತ್ತಲ್ಲ!

ಇಷ್ಟರಲ್ಲಿ ಟೈರ್ ಗೋಡೌನಿನ ಮೇಲೆ ಯಾರದೋ ಮೊಣಕೈ ತಗುಲಿ ತಕ್ಕಡಿಯವರ ಕಣ್ಣಿನ ಕೆಳಗೆ ಕಪ್ಪಾಯಿತು. ಆಫೀಸಿನಲ್ಲಿ ಮೇಲಧಿಕಾರಿಗಳು ಕರೆಸಿ ಕೇಳಿದರು. "ಬಿದ್ದೆ ಸರ್" ಎಂದರು ತಕ್ಕಡಿಯವರು. ಅಧಿಕಾರಿಗಳು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತರು. ಮೇಜಿನ ಮೇಲಿದ್ದ ಕಾಗದ ಒತ್ತುವ ಗಾಜಿನ ಗುಂಡನ್ನು ಒಂದು ಸುತ್ತು ತಿರುಗಿಸಿದರು.

"ನೋಡಿ, ನಾನೂ ಮದುವೆ ಆದವನೇ" ಎಂದರು. "ಗೌರವದ ಪ್ರಶ್ನೆ ಅಂತ ಸುಮ್ಮನಿರಬೇಡಿ. ಬೇಕಾದ್ರೆ ಹೊರ ಊರಿನ ತಪಾಸಣೆಗೆ ಹಾಕ್ತೀನಿ. ಒಂದು ವಾರ ಆರಾಮಾಗಿರಿ."

"ಬೇಡ ಸರ್. ಸಂಜೆ ಮನೇಲಿ ನಾನು ಇರಲೇಬೇಕು. ಒಂದು ದಿನ ತಪ್ಪಿದ್ರೂ ಅವಳು ಮತ್ತೆ ಮೊದಲಿನ ಹಾಗೇ ಆಗಿಬಿಡ್ತಾಳೆ."

ಅಧಿಕಾರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಾರುಕಟ್ಟೆಗೂ ಸುದ್ದಿ ಮುಟ್ಟಿತು. ತಕ್ಕಡಿಯ ಕೆಳಗೆ ಅಯಸ್ಕಾಂತ ಅಂಟಿಸಿ ಎರಡು ಸಲ ದಂಡ ಕಟ್ಟಿದ್ದ ದಿನಸಿ ಅಂಗಡಿಯವನು ಈ ಸಲ ಇನ್ಸ್‌ಪೆಕ್ಟರರ ಮುಖ ನೋಡಿದವನೇ ತಾನಾಗಿ ಅಯಸ್ಕಾಂತ ಕಿತ್ತು ಕೈಗೆ ಕೊಟ್ಟ. "ನಿಮಗಿರೋ ಕಷ್ಟದ ಮೇಲೆ ನನ್ನದೂ ಬೇಡ ಸ್ವಾಮಿ" ಎಂದ. ಇಲಾಖೆಯ ಇತಿಹಾಸದಲ್ಲಿ ಅಂಥದ್ದು ನಡೆದಿರಲಿಲ್ಲ. ಜನ ಯಾಕೆ ಇದ್ದಕ್ಕಿದ್ದಂತೆ ಇಷ್ಟು ಒಳ್ಳೆಯವರಾದರು ಎಂದು ತಕ್ಕಡಿಯವರು ಯೋಚಿಸಿದರು. ಜೂಡೊ ಕಲಿತರೆ ಮುಖದಲ್ಲಿ ಒಂದು ತೇಜಸ್ಸು ಬರುತ್ತದೆಂದು ಎಲ್ಲೋ ಕೇಳಿದ್ದು ನೆನಪಾಗಿ, ಅದೇ ಇರಬೇಕು ಎಂದುಕೊಂಡರು.

ಇತ್ತ ಮನೆಯಲ್ಲಿ ರಜೆ ಕರಗುತ್ತ ಬಂತು. ತಕ್ಕಡಿಯವರು ಮುಂದಕ್ಕೆ, ಹಿಂದಕ್ಕೆ, ಎರಡೂ ಮಗ್ಗುಲಿಗೆ ಬೀಳಲು ಕಲಿತರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಮಾತನ್ನು ಅಕ್ಷರಶಃ ಸಾಧಿಸಿದರು. ಟೀಚರ್ ಮಾತ್ರ ಕುರ್ಚಿ ಬಿಡಲಿಲ್ಲ. "ನೀನೂ ಒಂದು ಸಲ" ಎಂದು ತಕ್ಕಡಿಯವರು ಕೈ ಚಾಚಿದರೆ ಮುಖ ಆಚೆ ತಿರುಗಿಸುವರು. ಸೋಮವಾರ ಟೀಚರ್ ಶಾಲೆಗೆ ಹಾಜರಾಗಬೇಕು ಎನ್ನುವ ವಾರ ಟೈರ್ ಗೋಡೌನಿನ ಮೇಲೆ ತಕ್ಕಡಿಯವರು ವ್ಯಾನಿನ ಹೆಂಗಸಿಗೆ ಹೇಳಿದರು, "ಆಗಲಿಲ್ಲಮ್ಮ. ನಾನು ಸುಮ್ಮನೆ ಬಿದ್ದದ್ದಾಯ್ತು." ಆಕೆ "ಸೋಮವಾರದ ತನಕ ಬೀಳಿ ಸರ್" ಎಂದಳು.

ಟೀಚರ ಅಣ್ಣನನ್ನು ಕರೆಸಿದವರು ಕಾರ್ಯದರ್ಶಿಗಳು. ಅಣ್ಣ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಜಡ್ಜುಗಳು ಬಂದು ಹೋಗುತ್ತಿದ್ದರು, ಅವರು ಮಾತ್ರ ಅಲ್ಲೇ ಇದ್ದರು, ಆದ್ದರಿಂದ ತೀರ್ಪು ಕೊಡುವುದು ತಮಗೇ ಚೆನ್ನಾಗಿ ಗೊತ್ತು ಎಂದು ನಂಬಿದ್ದರು. ಭಾನುವಾರ ಬೆಳಿಗ್ಗೆ ಅವರು, ಕಾರ್ಯದರ್ಶಿಗಳು, ಔಷಧದ ಅಂಗಡಿಯಾಕೆ, ನೆರೆಯವನೆಂದು ನಾನು, ನಾಲ್ವರೂ ತಕ್ಕಡಿಯವರ ನಡುಮನೆಯಲ್ಲಿ ಕೂತೆವು. ಗಾದಿ ಗೋಡೆಗೆ ಒರಗಿತ್ತು. ಟೀಚರ್ ಕುರ್ಚಿಯಲ್ಲಿ, ಕಾಲ ಮೇಲೆ ಹೊದಿಕೆ. ತಕ್ಕಡಿಯವರು ಎಲ್ಲರಿಗೂ ಟೀ ತಂದುಕೊಟ್ಟರು. ಅವರೇ ತಂದದ್ದನ್ನು ನೋಡಿ ಕಾರ್ಯದರ್ಶಿಗಳು ನನ್ನನ್ನು ಮೊಣಕೈಯಿಂದ ತಿವಿದರು.

"ಇವರ ಮುಖದ ಮೇಲಿನ ಗುರುತು ಹೇಗಾಯ್ತು?" ಅಣ್ಣ ಶುರು ಮಾಡಿದರು.

"ಬಿದ್ರು" ಎಂದರು ಟೀಚರ್.

"ಮೊಣಕೈದು?"

"ಅದೂ ಬಿದ್ರು."

"ಭುಜದ್ದು?"

"ಆವತ್ತು ಸರಿಯಾಗಿ ಬೀಳಲಿಲ್ಲ. ನಾನು ಮೊದಲೇ ಹೇಳಿದ್ದೆ."

"ಮೊದಲೇ ಹೇಳಿದ್ದಳಂತೆ" ಎಂದು ಅಣ್ಣ ನಮ್ಮ ಕಡೆ ತಿರುಗಿದರು. "ಹೇಳಿದ ಹಾಗೆ ಕೇಳದಿದ್ರೆ?"

"ಇನ್ನೊಂದು ಸಲ ಮಾಡಿಸ್ತೀನಿ. ಬರೋ ತನಕ ಬಿಡಬಾರದು. ಯಾಕೆ?"

ಔಷಧದ ಅಂಗಡಿಯಾಕೆ ಟೀ ಕೆಳಗಿಟ್ಟರು. ತಕ್ಕಡಿಯವರು ಟ್ರೇ ಹಿಡಿದುಕೊಂಡೇ "ಭಾವ, ನಿಜವಾಗ್ಲೂ ನಾನೇ ಬೀಳೋದು" ಎಂದರು. ಕಾರ್ಯದರ್ಶಿಗಳು ಎದ್ದು ಅವರ ಹೆಗಲ ಮೇಲೆ ಕೈಯಿಟ್ಟು, "ಇನ್ನು ನೀವು ಹೆದರಬೇಕಾಗಿಲ್ಲ ಸ್ವಾಮಿ. ಸಂಘ ನಿಮ್ಮ ಜೊತೆಗಿದೆ" ಎಂದರು.

"ನನ್ನ ತೀರ್ಮಾನ ಇಷ್ಟು" ಎಂದರು ಅಣ್ಣ. "ನಾಳೆ ನೀನು ಶಾಲೆ ಬಿಡ್ತೀಯ ಅಂತ ಹೇಗೂ ಗೊತ್ತು. ಬಿಟ್ಟು ನಮ್ಮನೆಗೆ ಬಾ. ಅಲ್ಲಿ ಒಂದು ರೂಮಿದೆ. ಇಲ್ಲಿ ಇವರೂ ಉಸಿರಾಡಲಿ. ಕೈ ಮಾಡೋ ಹೆಂಗಸು ಅಂತ ನಮ್ಮ ಮನೆತನಕ್ಕೆ ಹೆಸರು ಬರೋದು ಬೇಡ."

ಆಗ ಟೀಚರಿಗೆ ಅರ್ಥವಾಯಿತು. ಅವರು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ನಾನು ಬೆನ್ನ ಹಿಂದೆ ಸಿಗರೇಟು ಹಿಡಿದವನ ಹಾಗೆ ತಲೆ ತಗ್ಗಿಸಿದೆ.

"ನಾನು ಇವರಿಗೆ ಹೊಡೀತೀನಿ ಅಂತಾನಾ?"

ಕಾರ್ಯದರ್ಶಿಗಳು ಖಾಲಿ ಕಪ್ಪನ್ನು ಬಾಯಿಗೆ ಎತ್ತಿದರು.

"ಹೊಡಿಯೋಕೆ ಎದ್ದು ನಿಲ್ಲಬೇಕಲ್ಲ ಅಣ್ಣ" ಎಂದರು ಟೀಚರ್. ದನಿ ಸಣ್ಣಗಾಗಿತ್ತು. "ಗೋಡೆ ಹಿಡೀದೆ ನಾನು ಬಚ್ಚಲಿಗೂ ಹೋಗಲಾರೆ. ಮೂಳೆ ಕೂಡಿ ಎಷ್ಟೋ ದಿನ ಆಯ್ತು. ನನಗೆ ಭಯ. ಮತ್ತೆ ಬೀಳ್ತೀನಿ, ಎಲ್ಲಾರೂ ನಗ್ತಾರೆ ಅಂತ ಭಯ. ಅದಕ್ಕೇ ಇವರು ಎಲ್ಲೋ ಹೋಗಿ ಬೀಳೋದನ್ನ ಕಲಿತುಬಂದು ದಿನಾ ನನಗೆ ತೋರಿಸ್ತಾರೆ. ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡಿದ್ದು ನಾನು."

ತಕ್ಕಡಿಯವರು ಟ್ರೇ ಕೆಳಗಿಟ್ಟು, ಗಾದಿ ಎಳೆದು ಹಾಸಿ, ನಮ್ಮೆಲ್ಲರ ಎದುರಿಗೆ ಬೆನ್ನ ಮೇಲೆ ಬಿದ್ದರು. ಧಡ್. ಎದ್ದು ನಿಂತರು. ಇನ್ನೊಮ್ಮೆ ಬಿದ್ದರು. ಕಾರ್ಯದರ್ಶಿಗಳು ಕರೆಯದೆ ಬಂದವರ ಹಾಗೆ ಬಾಗಿಲ ಕಡೆ ನೋಡತೊಡಗಿದರು. ಬೆಟ್ಟ ಅಗೆದು ಇಲಿ ಹಿಡಿದದ್ದಾಗಿದ್ದರೆ ಚಿಂತೆಯಿರಲಿಲ್ಲ, ನಾವು ಅಗೆದದ್ದು ಒಬ್ಬ ಹೆಂಗಸಿನ ಮಾನ. ನನಗೆ ನಿಜವಾಗಿ ನಾಚಿಕೆಯಾಯಿತು.

ಎದ್ದು ಹೋಗುವುದೊಂದೇ ಉಳಿದಿತ್ತು. ಆಗ ಔಷಧದ ಅಂಗಡಿಯಾಕೆ ಹುಬ್ಬು ಗಂಟಿಕ್ಕಿ, "ಇದು ಸಂಜೆದು" ಎಂದರು. "ಹಾಗಾದ್ರೆ ಮಧ್ಯಾಹ್ನದ್ದು?"

"ಯಾವ ಮಧ್ಯಾಹ್ನದ್ದು?" ಎಂದರು ತಕ್ಕಡಿಯವರು.

"ಅಂಗಡಿ ಮುಚ್ಚಿ ಸ್ವಲ್ಪ ಮಲಗ್ತೀನಲ್ಲ, ಆವಾಗ. ನಿಮ್ಮದು ಧಡ್ ಅಂತ ಬೀಳುತ್ತೆ. ಅದು ಅಷ್ಟು ಜೋರಲ್ಲ. ಸಣ್ಣದು. ಬಹಳ ಹೊತ್ತು ಏನೂ ಇರಲ್ಲ, ಆಮೇಲೆ ಮತ್ತೊಂದು."

"ಮಧ್ಯಾಹ್ನ ನಾನು ಮಾರ್ಕೆಟ್ಟಲ್ಲಿರ್ತೀನಿ."

"ಹಾಗಾದ್ರೆ ಈ ಮನೇಲಿ ಮೂರನೆಯವರು ಯಾರೋ ಇದ್ದಾರೆ" ಎಂದರು ಅಣ್ಣ. ಕೋರ್ಟಿನ ಅಭ್ಯಾಸ, ಅಷ್ಟು ಬೇಗ ಬಿಡುವುದಿಲ್ಲ.

ಟೀಚರ್ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮಗುವಿನ ಮುಖ ಹೇಗಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿರಬೇಕು, ಆಗ ಅವರ ಮುಖವೂ ಹಾಗೇ ಇತ್ತು.

"ನಾನೇ" ಎಂದರು. "ಗದ್ದ ಸರಿಯಾಗಿ ಇಟ್ಕೊಳ್ತೀನಿ. ಎಡಗೈ ಬಡಿಯೋಕೆ ಇನ್ನೂ ಸರಿಯಾಗಿ ಬರಲ್ಲ."

ತಕ್ಕಡಿಯವರು ಗಾದಿಯ ಮೇಲೆ ಕೂತಲ್ಲೇ ಇದ್ದರು. "ಯಾವಾಗಿಂದ?"

"ನೀವೊಂದು ದಿನ ಗಾದಿ ಎತ್ತಿಡೋದು ಮರೆತು ಹೋಗಿದ್ರಲ್ಲ, ಆವತ್ತಿಂದ."

"ನನಗ್ಯಾಕೆ ಹೇಳಲಿಲ್ಲ ನೀನು? ನಾನಿದ್ದಾಗ ಮಾಡಬಹುದಿತ್ತಲ್ಲ?"

"ನೀವಿದ್ರೆ ಹಿಡ್ಕೊಳ್ತೀರಿ" ಎಂದರು ಟೀಚರ್. "ಕಾಲು ಮುರಿದಾಗಿಂದ ನಾನು ಸ್ವಲ್ಪ ಅಲ್ಲಾಡಿದ್ರೆ ಸಾಕು, ಓಡಿ ಬಂದು ಹಿಡ್ಕೊಳ್ತೀರಿ. ನೀವು ಹಿಡ್ಕೊಂಡ್ರೆ ನಾನು ಬಿದ್ದ ಹಾಗೆ ಆಗೋದೇ ಇಲ್ಲ. ಬೀಳದೇ ಇದ್ರೆ ಭಯ ಹೋಗಲ್ಲ ರೀ."

ತಕ್ಕಡಿಯವರು ಹೆಂಡತಿಯ ಪಾದದ ಮೇಲೆ ಕೈಯಿಟ್ಟುಕೊಂಡು ಕೂತರು. ಅಣ್ಣ ಒಂದು ಸಲ ಕೆಮ್ಮಿ, "ಹಾಗಾದ್ರೆ ನಾಳೆ?" ಎಂದು ಕೇಳಿದರು.

"ಬೀಳೋಕೆ ಬಂದಿದೆ. ಹೊಸ್ತಿಲು ದಾಟೋಕೆ ಬರುತ್ತೋ ಇಲ್ವೋ ಗೊತ್ತಿಲ್ಲ" ಎಂದರು ಟೀಚರ್.

ಸೋಮವಾರ ಬೆಳಿಗ್ಗೆ ನಮ್ಮ ಕಟ್ಟಡದ ಪ್ರತಿಯೊಂದು ಬಾಗಿಲೂ ಒಂದು ಗೇಣು ತೆರೆದಿತ್ತು. ಎಲ್ಲರಿಗೂ ಅದೇ ಹೊತ್ತಿಗೆ ಕಸ ಹಾಕುವುದಿತ್ತು, ಪೇಪರ್ ಹುಡುಕುವುದಿತ್ತು. ಊರಿಗೆ ಹೊರಡಬೇಕಿದ್ದ ಅಣ್ಣ ಗೇಟಿನ ಬಳಿ ಚೀಲ ಹಿಡಿದು ನಿಂತಿದ್ದರು, ಹೊರಡುತ್ತಿರಲಿಲ್ಲ.

ಟೀಚರ್ ಹೊಸ್ತಿಲಲ್ಲಿ ಬಂದು ನಿಂತರು. ಶಾಲೆಯ ಚೀಲ ಹೆಗಲಲ್ಲಿತ್ತು. ಹಿಂದೆ ಬರುತ್ತಿದ್ದ ತಕ್ಕಡಿಯವರಿಗೆ ತಿರುಗದೆ ಹೇಳಿದರು, "ಹತ್ತಿರ ಬರಬೇಡಿ. ಹಿಂದೆ ಇರಿ." ಆಮೇಲೆ ಹೊಸ್ತಿಲು ದಾಟಿದರು. ಒಂದು ಮೆಟ್ಟಿಲು ಇಳಿಯುವುದು, ನಿಲ್ಲುವುದು, ಉಸಿರು ಬಿಡುವುದು, ಇನ್ನೊಂದು ಇಳಿಯುವುದು. ಔಷಧದ ಅಂಗಡಿಯಾಕೆಯ ಬಾಗಿಲು ಬಂತು, ಹೋಯಿತು. ಕೆಳಗಿನ ಅಂಗಳ ಕಂಡಿತು. ಕಾರ್ಯದರ್ಶಿಗಳು ಆಗಲೇ ಚಪ್ಪಾಳೆಗೆಂದು ಕೈ ಎತ್ತಿದ್ದರು.

ಕೊನೆಯ ಮೆಟ್ಟಿಲಿನಲ್ಲಿ ಅವರ ಕಾಲು ತೊಡರಿತು.

ನಾನು ತಕ್ಕಡಿಯವರನ್ನೇ ನೋಡುತ್ತಿದ್ದೆ. ಅವರ ದೇಹ ಇಡಿಯಾಗಿ ಮುಂದಕ್ಕೆ ಹಾರಿತು. ಹಾರಿದ ದೇಹವನ್ನು ಅವರೇ ಹಿಂದಕ್ಕೆಳೆದರು. ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡರು. ಟೀಚರ್ ಅಂಗಳಕ್ಕೆ ಬಿದ್ದರು. ಬೀಳುತ್ತ ಮೈ ಮಗ್ಗುಲಿಗೆ ತಿರುಗಿತು, ಕೈ ನೆಲಕ್ಕೆ ಪಟ್ಟೆಂದು ಬಡಿಯಿತು. ಚೀಲದಿಂದ ಪೆನ್ನು, ಊಟದ ಡಬ್ಬಿ ಉರುಳಿಕೊಂಡು ಹೋದವು. ಅಣ್ಣ "ಅಯ್ಯೋ" ಎಂದು ಓಡಿದರು.

"ಭಾವ, ಅಲ್ಲೇ ನಿಲ್ಲಿ" ಎಂದರು ತಕ್ಕಡಿಯವರು.

ಆ ಮನುಷ್ಯ ಒಂದೇ ಕಡೆಯ ಮಾತಾಡಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ಅಣ್ಣ ನಿಂತರು. ಎಲ್ಲರೂ ನಿಂತೆವು. ಟೀಚರ್ ಸ್ವಲ್ಪ ಹೊತ್ತು ನೆಲದ ಮೇಲೇ ಇದ್ದರು. ಆಮೇಲೆ ಮಂಡಿಯೂರಿದರು, ಒಂದು ಕೈ ನೆಲಕ್ಕೆ ಕೊಟ್ಟರು, ಎದ್ದರು. ಬಟ್ಟೆ ಕೊಡವಿಕೊಂಡರು. ಡಬ್ಬಿ, ಪೆನ್ನು ಎತ್ತಿಕೊಂಡು ಚೀಲಕ್ಕೆ ಹಾಕಿದರು. ಯಾರೂ ನಗಲಿಲ್ಲ. ಅವರು ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಕೊನೆಗೆ ಮೆಟ್ಟಿಲ ಮೇಲಿನ ಗಂಡನ ಕಡೆ ತಿರುಗಿದರು.

"ಎಡಗೈ?"

"ಚೆನ್ನಾಗಿ ಬಡೀತು" ಎಂದರು ತಕ್ಕಡಿಯವರು.

ಟೀಚರ್ ತಲೆಯಾಡಿಸಿ, ಗೇಟು ತೆಗೆದು, ರಸ್ತೆಗೆ ಇಳಿದು ಶಾಲೆಯ ಕಡೆ ನಡೆದರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ತಕ್ಕಡಿಯವರು ಮೆಟ್ಟಿಲ ಮೇಲೆ ಕುಕ್ಕರಿಸಿ ಗಳಗಳ ಅತ್ತರು. ಔಷಧದ ಅಂಗಡಿಯಾಕೆ ಮುಲಾಮು ಹಿಡಿದುಕೊಂಡು ಬಂದು, ಎಲ್ಲಿಗೆ ಹಚ್ಚುವುದೆಂದು ತಿಳಿಯದೆ ನಿಂತರು.

ಸಂಜೆ ನಾನೂ ಕಾರ್ಯದರ್ಶಿಗಳೂ ಗೇಟಿನ ಬಳಿ ನಿಂತಿದ್ದಾಗ ತಕ್ಕಡಿಯವರು ಬಿಳಿ ಅಂಗಿಯ ಚೀಲ ಹೆಗಲಿಗೇರಿಸಿ ಬಂದರು. ಮೇಲೆ ಅವರ ಮನೆಯಲ್ಲಿ ಟೀಚರ್ ಶಾಲೆಯಿಂದ ಬಂದು ಯಾರಿಗೋ ಫೋನಿನಲ್ಲಿ ಗದರುವುದು ಕೇಳಿಸುತ್ತಿತ್ತು. ಕಾರ್ಯದರ್ಶಿಗಳಿಗೆ ಆಶ್ಚರ್ಯ.

"ಟೀಚರ್ ನಡೆಯೋ ಹಾಗಾಯ್ತಲ್ಲ ಸ್ವಾಮಿ. ಇನ್ನೂ ಯಾಕೆ ಕ್ಲಾಸು?"

ತಕ್ಕಡಿಯವರು ಈ ಸಲ ಕಿಟಕಿಯ ಕಡೆ ನೋಡಲಿಲ್ಲ.

"ಬೆಳಿಗ್ಗೆ ಅವಳು ಬಿದ್ದಾಗ ನಾನು ಕಂಬಿ ಹಿಡ್ಕೊಂಡೆ, ನೋಡಿದ್ರಲ್ಲ" ಎಂದರು. "ಕಂಬಿ ಇಲ್ಲದೇ ಇದ್ದಿದ್ರೆ ಓಡಿಹೋಗಿ ಹಿಡಿದುಬಿಡ್ತಿದ್ದೆ. ಬೀಳೋರನ್ನ ಹಿಡೀದೆ ನಿಲ್ಲೋದು ನನಗಿನ್ನೂ ಬಂದಿಲ್ಲ. ಎಲ್ಲಾ ಕಡೆ ಕಂಬಿ ಇರಲ್ಲ ಸ್ವಾಮಿ."

ಅಷ್ಟು ಹೇಳಿ ಅವರು ಟೈರ್ ಗೋಡೌನಿನ ಕಡೆ ಹೊರಟರು.